ಹಿಂದಿನ ಚಳಿಗಾಲ ಹೇಗಿತ್ತು ಅನ್ನೋದನ್ನು ಮರೆಯದಂತೆ ಕಾಪಾಡಿಕೊಳ್ಳುವುದು ಹೇಗೆ?

ಪ್ರತಿ ವರ್ಷವೂ ಒಂದೇ ಜಾಗದಲ್ಲಿ ಒಂದೇ ಸಂಗತಿಯನ್ನು ನೋಡಿ ಬರೆದಿಡಬೇಕು. ಬರೀ ನೆನಪನ್ನು ನಂಬೋದು ಕಷ್ಟ. ನಾಲ್ಕೈದು ವರ್ಷ ಚಳಿ ಕಮ್ಮಿಯಾದರೆ ಮನಸ್ಸಿಗೆ ಅದೇ ರೂಢಿಯಾಗಿಬಿಡುತ್ತದೆ, ಅಲ್ವಾ?

ಜಪಾನಿನ ಸುವಾ ಸರೋವರವನ್ನೇ ನೋಡಿ. ಅದು ಹೆಪ್ಪುಗಟ್ಟಿದ್ದನ್ನು ಅಲ್ಲಿನ ಶಿಂಟೋ ಧರ್ಮದ ಅರ್ಚಕರು 1443ರಿಂದ ಬರೆದಿಡುತ್ತಾ ಬಂದಿದ್ದಾರೆ. ರಾತ್ರಿಯ ಚಳಿಗೆ ಮಂಜುಗಡ್ಡೆ ಕುಗ್ಗಿ ಬಿರುಕು ಬಿಡುತ್ತದೆ. ಬಿರುಕಿಗೆ ನುಗ್ಗಿದ ನೀರೂ ಗಟ್ಟಿಯಾಗುತ್ತದೆ. ಹಗಲು ಗಡ್ಡೆ ಹಿಗ್ಗಿದಾಗ ಜಾಗ ಸಾಲದೆ ಉದ್ದಕ್ಕೂ ದಿಬ್ಬ ಏಳುತ್ತದೆ. ಅದೇ 'ಒಮಿವತಾರಿ', ದೇವರು ಸರೋವರ ದಾಟಿದ ದಾರಿ ಎಂದು ಅಲ್ಲಿಯವರ ನಂಬಿಕೆ.

ಈಗ ಅದು ಅಪರೂಪ. 2018ರಲ್ಲಿ ಕಂಡಿತು, ಆಮೇಲೆ ಹಲವು ವರ್ಷ ಬರಲೇ ಇಲ್ಲ. ನನಗೆ ಜಾಸ್ತಿ ಇಷ್ಟವಾಗೋದು ಇದು: ದಿಬ್ಬ ಏಳದ ವರ್ಷವೂ ಅರ್ಚಕರು ಬೆಳಗಿನ ಜಾವ ದಡಕ್ಕೆ ಹೋಗಿ ನೋಡುತ್ತಾರೆ, ಈ ಸಲ ಇಲ್ಲ ಎಂದು ಬರೆಯುತ್ತಾರೆ.