ಕೆಡವುವ ‘ರೇಜ್’, ಕಟ್ಟುವ ‘ರೇಜ್’

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಡಿಕ್ಟೇಶನ್‌ನಲ್ಲಿ ‘ಹಳೇ ಮಂಡಕ್ಕಿ ಭಟ್ಟಿಯನ್ನು ನೆಲಸಮ ಮಾಡಿದರು’ ಎಂಬ ಅರ್ಥದ ಇಂಗ್ಲಿಷ್ ವಾಕ್ಯ ಬಂತು. ‘ರೇಜ್’ ಪದಕ್ಕೆ ನಾನು ಆರ್-ಎ-ಐ-ಎಸ್-ಇ ಅಂತ ಬರೆದೆ. ಅರ್ಥವೇ ಉಲ್ಟಾ ಆಯಿತು ಅಂದರು. ಈ ಪದದ ಮೂಲ, ವಿರುದ್ಧ ಪದ ತಿಳಿಸಿ.
– ಓದುಗರು, ದಾವಣಗೆರೆ

ಉತ್ತರ: ನೀವು ಭಟ್ಟಿಯನ್ನು ಕೆಡವಲಿಲ್ಲ, ಎಬ್ಬಿಸಿ ನಿಲ್ಲಿಸಿಬಿಟ್ಟಿರಿ! ಕೆಡವುವ ‘ರೇಜ್’ ಬರೆಯುವುದು ಆರ್-ಎ-ಝಡ್-ಇ. ಎರಡರ ಉಚ್ಚಾರಣೆಯೂ ಒಂದೇ, ಕಿವಿಗೆ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಆದರೆ ಇವು ಸಂಬಂಧಿಕರಲ್ಲ. ಎತ್ತುವ ‘ರೇಜ್’ ಸ್ಕ್ಯಾಂಡಿನೇವಿಯಾದವರ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು. ಕೆಡವುವುದು ಲ್ಯಾಟಿನ್ನಿನ ‘ರಾದೆರೆ’ಯಿಂದ, ಫ್ರೆಂಚ್ ದಾರಿಯಲ್ಲಿ ಬಂತು.

‘ರಾದೆರೆ’ ಅಂದರೆ ಕೆರೆಯುವುದು, ಹೆರೆಯುವುದು. ಗಡ್ಡ ಹೆರೆಯುವ ರೇಜರ್ ಕೂಡ ಇದೇ ಮನೆಯದು. ಅಳಿಸುವ ಇರೇಸರ್ ಕೂಡ. ಯುರೋಪಿನಲ್ಲಿ ಚರ್ಮದ ಹಾಳೆಯ ಮೇಲೆ ಬರೆಯುತ್ತಿದ್ದ ಕಾಲದಲ್ಲಿ ಅಕ್ಷರ ಅಳಿಸಬೇಕಾದರೆ ಚಾಕುವಿನಿಂದ ಕೆರೆಯಬೇಕಿತ್ತು. ಫ್ರೆಂಚರು ಇಂದಿಗೂ ಗಡ್ಡ ಬೋಳಿಸುವುದಕ್ಕೂ ಕಟ್ಟಡ ನೆಲಸಮ ಮಾಡುವುದಕ್ಕೂ ಒಂದೇ ಕ್ರಿಯಾಪದ ಬಳಸುತ್ತಾರೆ. ನೆಲದ ಮೇಲೆ ಏನೂ ಉಳಿಯದ ಹಾಗೆ ಹೆರೆದು ತೆಗೆಯುವುದು. ಅರ್ಥ ಹುಟ್ಟಿದ್ದು ಅಲ್ಲಿಂದ.

ಹಾಗಾಗಿ ಸುಮ್ನೆ ಎಲ್ಲ ಹಾಳಾಗುವಿಕೆಗೂ ಇದನ್ನು ಹಾಕಬೇಡಿ. ಕಟ್ಟಡ, ಬೀದಿ, ಊರಿಗೆ ಸರಿ. ಒಡೆದ ಲೋಟಕ್ಕೆ, ಕೆಟ್ಟ ಬೈಕಿಗೆ ಆಗದು. ನಿಮ್ಮ ಪಕ್ಕದ ಚಿತ್ರದುರ್ಗವನ್ನೇ ನೋಡಿ. 1779ರಲ್ಲಿ ಹೈದರ್ ಅಲಿ ಕೋಟೆಯನ್ನು ವಶಪಡಿಸಿಕೊಂಡ, ಆದರೆ ಏಳು ಸುತ್ತಿನ ಗೋಡೆಗಳು ಈಗಲೂ ನಿಂತಿವೆ ಅಲ್ವಾ? ಅಲ್ಲಿ ‘ಕ್ಯಾಪ್ಚರ್’ ಸರಿ, ‘ರೇಜ್’ ತಪ್ಪು. ‘ಡೆಮಾಲಿಶ್’ ಇನ್ನೂ ಸಡಿಲ. ರಸ್ತೆ ಅಗಲ ಮಾಡಲು ಬರೀ ಕಾಂಪೌಂಡ್ ಕೆಡವಿದರೂ ಅದು ನಡೆಯುತ್ತದೆ. ಎದುರಾಳಿಯ ವಾದವನ್ನು ಪುಡಿಪುಡಿ ಮಾಡುವುದಕ್ಕೂ ಬರುತ್ತದೆ.

ವಿರುದ್ಧ ಪದ ಕೇಳಿದರೆ ‘ಬಿಲ್ಡ್’, ‘ಇರೆಕ್ಟ್’, ‘ಕನ್‌ಸ್ಟ್ರಕ್ಟ್’ ಯಾವುದಾದರೂ ಆಗುತ್ತದೆ. ನೀವು ಬರೆದ ‘ರೇಜ್’ ಕೂಡ ಆಗುತ್ತದೆ!

ಡಿಕ್ಟೇಶನ್‌ನಲ್ಲಿ ಮುಂದಿನ ಪದಗಳಿಗೆ ಕಿವಿಗೊಡಿ. ‘ಟು ದ ಗ್ರೌಂಡ್’ ಅಂತ ಬಂದರೆ ಝಡ್ ಬರೆಯಿರಿ. ನಿಜಕ್ಕೂ ಆ ಮೂರು ಪದ ಜಾಸ್ತಿಯೇ, ‘ನಡುಮಧ್ಯೆ’ ಅಂದ ಹಾಗೆ. ಆದರೂ ಇಂಗ್ಲಿಷಿನವರು ಬಿಡುವುದಿಲ್ಲ, ನಿಮಗೆ ಅದರಿಂದ ಲಾಭವೇ.