ಪ್ರಾರ್ಥನೆ ಬರುತ್ತಿಲ್ಲ ಅಂದ ತಂಗಿಗೆ

ಅಕ್ಕಾ ಅಂತ ಕರೆದು ಕೇಳಿದ್ದೀಯ, ಅದಕ್ಕೇ ನೀನು ಅಂತಲೇ ಬರೆಯುತ್ತೇನೆ. ಬೆಂಗಳೂರಿನ ಲಿಂಗರಾಜಪುರದಿಂದ ಓದಲು ಇಂಗ್ಲೆಂಡಿನ ಕವೆಂಟ್ರಿಗೆ ಬಂದು ಮೊದಲ ಟರ್ಮ್ ಕೂಡ ಮುಗಿದಿಲ್ಲ, ಅಷ್ಟರಲ್ಲಿ ಅಪ್ಪ ತೀರಿಕೊಂಡರು, ಹೋಗಲು ಆಗಲಿಲ್ಲ, ಹೊಸೂರು ರಸ್ತೆಯ ಸ್ಮಶಾನದಲ್ಲಿ ಮಣ್ಣು ಮಾಡಿದ್ದನ್ನು ಇಲ್ಲಿ ನಸುಕಿನ ಹೊತ್ತಿನಲ್ಲಿ ಮೊಬೈಲಿನಲ್ಲೇ ನೋಡಿದೆ ಅಂತ ಬರೆದಿದ್ದೀಯ. ಪ್ರಾರ್ಥನೆಗೆ ಕೂತರೆ ಬಾಯಿಂದ ಒಂದು ಮಾತೂ ಬರುತ್ತಿಲ್ಲ, ನನ್ನ ನಂಬಿಕೆ ಹೋಯಿತಾ ಅಂತ ಕೇಳಿದ್ದೀಯ. ಈ ದೇಶದಲ್ಲಿ ದುಃಖ ಬಂದಾಗ ಜನ ಏನು ಮಾಡುತ್ತಾರೆ ಅಂತಲೂ ಕೇಳಿದ್ದೀಯ.

ನಂಬಿಕೆ ಹೋಗಿಲ್ಲ. ಹೋಗಿದ್ದರೆ ಇಷ್ಟು ಸಂಕಟ ಯಾಕೆ ಪಡುತ್ತಿದ್ದೆ? ನಿನ್ನ ಕನ್ನಡ ಸತ್ಯವೇದ ತಂದಿದ್ದೀಯ ಅಲ್ವಾ, ಕೀರ್ತನೆಗಳಲ್ಲಿ 13ನೆಯದನ್ನು ತೆಗೆದು ಜೋರಾಗಿ ಓದು. ಇನ್ನೆಷ್ಟು ಕಾಲ ನನ್ನನ್ನು ಮರೆತಿರುತ್ತೀ ಅಂತ ಕೀರ್ತನೆಗಾರ ದೇವರನ್ನೇ ಕೇಳುತ್ತಾನೆ. ಆಮೇಲೆ 88 ಓದು. ಬೇರೆ ಹೆಚ್ಚಿನ ಕೀರ್ತನೆಗಳಲ್ಲಿ ಎಷ್ಟು ಅತ್ತರೂ ಕೊನೆಗೆ ಒಂದು ಸ್ತೋತ್ರದ ಸಾಲಾದರೂ ಬರುತ್ತದೆ, ಇದು ಕತ್ತಲಲ್ಲೇ ಮುಗಿದುಬಿಡುತ್ತದೆ. ಅದನ್ನೂ ಯಾರೂ ತೆಗೆದುಹಾಕಲಿಲ್ಲ, ಪ್ರಾರ್ಥನೆ ಅಂತಲೇ ಉಳಿಸಿಕೊಂಡರು. ನಿನಗೆ ಮಾತು ಬರದಿದ್ದರೆ ಇವರ ಮಾತು ತೆಗೆದುಕೋ, ಸಾಕು.

ಇನ್ನೊಂದು, ಲಾಜರನ ಕಥೆ. ಲಾಜರ ಸತ್ತ ಮೇಲೆ ಅವನ ಸಹೋದರಿಯರಾದ ಮಾರ್ಥಳೂ ಮರಿಯಳೂ ಯೇಸುವಿಗೆ ಒಂದೇ ಮಾತು ಹೇಳುತ್ತಾರೆ: ನೀನು ಇಲ್ಲಿದ್ದಿದ್ದರೆ ಅವನು ಸಾಯುತ್ತಿರಲಿಲ್ಲ. ಆಕ್ಷೇಪಣೆಯೇ ಅದು. ಆತ ಬೈಯುವುದಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ತಾನೇ ಅವನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಆತ ಅಳುತ್ತಾನೆ. ನನ್ನ ಕಷ್ಟದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕಣ್ಣೀರು. "ದೇವರ ಚಿತ್ತ, ಅಳಬೇಡ" ಅಂತ ಫೋನಿನಲ್ಲಿ ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಯೇಸುವೇ ಅತ್ತ ಮೇಲೆ ನೀನು ಯಾಕೆ ತಡೆದುಕೊಳ್ಳಬೇಕು? ಮನೆಯಲ್ಲಿ ಯಾರೋ ಪಾಪ ಮಾಡಿದ್ದಕ್ಕೆ ಹೀಗಾಯಿತು, ವಿಶ್ವಾಸ ಸಾಲದೆ ಹೀಗಾಯಿತು, ಕಾಣಿಕೆ ಕಳಿಸು ಅನ್ನುವವರ ಫೋನ್ ಮಾತ್ರ ಇಟ್ಟುಬಿಡು. ಹುಟ್ಟುಕುರುಡನನ್ನು ನೋಡಿ ಯಾರ ಪಾಪ ಅಂತ ಶಿಷ್ಯರು ಕೇಳಿದಾಗ ಇವನದ್ದೂ ಅಲ್ಲ, ಇವನ ತಂದೆತಾಯಿಯದ್ದೂ ಅಲ್ಲ ಅಂತ ಆತ ನೇರವಾಗಿ ಹೇಳಿದ್ದಾನೆ.

ಈಗ ಇಲ್ಲಿನ ಬದುಕು. ಬೆಂಗಳೂರಿನಲ್ಲಿ ಸಾವಾದರೆ ಬೀದಿಗೇ ಗೊತ್ತಾಗುತ್ತದೆ. ಶಾಮಿಯಾನ ಹಾಕುತ್ತಾರೆ, ಪಕ್ಕದ ಮನೆಯಿಂದ ಕಾಫಿ ಬರುತ್ತದೆ, ಚರ್ಚಿನವರು ಸಂಜೆ ಬಂದು ಹಾಡುತ್ತಾರೆ. ನೀನು ಯಾರನ್ನೂ ಕರೆಯಬೇಕಾಗಿಲ್ಲ. ಇಲ್ಲಿ ಯಾರೂ ಬಾಗಿಲು ತಟ್ಟುವುದಿಲ್ಲ. ಕಲ್ಲು ಮನಸ್ಸಿನವರು ಅಂತ ಅಂದುಕೊಳ್ಳಬೇಡ, ಕರೆಯದೆ ಬಂದರೆ ನಿನಗೆ ತೊಂದರೆ ಆಗುತ್ತದೆ ಅಂತ ದೂರ ನಿಲ್ಲುತ್ತಾರೆ, ಇವರ ಮರ್ಯಾದೆ ಅದು. ಆದ್ದರಿಂದ ನೀನೇ ಬಾಯಿಬಿಟ್ಟು ಹೇಳಬೇಕು. ನಾವು ಬಂದ ಹೊಸದರಲ್ಲಿ ನನಗೆ ಹೊಟ್ಟೆಯಲ್ಲೇ ಮಗು ಹೋಯಿತು. ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ಒಬ್ಬ ವಯಸ್ಸಾದ ಹೆಂಗಸಿಗೆ ಅದನ್ನು ಹೇಳಿದೆ, ಅಷ್ಟೇ. ಮಾರನೆಯ ದಿನ ಅಡುಗೆ ಮಾಡಿಕೊಂಡು ಮನೆಗೆ ಬಂದು, ನನ್ನ ಪಕ್ಕ ಸುಮ್ನೆ ಕೂತರು. ಬೈಬಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಸ್ನೇಹಿತರೂ ಮೊದಲ ಏಳು ದಿನ ಹಾಗೇ ಕೂತಿದ್ದರು, ಬಾಯಿ ತೆರೆದ ಮೇಲೆಯೇ ಅವರು ಕೆಟ್ಟದ್ದು.

ಹಾಗಾಗಿ ಭಾನುವಾರ ರೂಮಿನಲ್ಲಿ ಕೂತು ನಮ್ಮ ಚರ್ಚಿನ ಆರಾಧನೆಯನ್ನು ಯೂಟ್ಯೂಬಿನಲ್ಲಿ ನೋಡಿದರೆ ಸಾಕು ಅಂದುಕೊಳ್ಳಬೇಡ. ನೋಡು, ಕನ್ನಡ ಹಾಡು ಕೇಳಿದರೆ ಮನಸ್ಸು ಹಗುರ ಆಗುತ್ತದೆ. ಆದರೆ ಇಲ್ಲಿನ ಒಂದು ಚರ್ಚಿಗೂ ಹೋಗು, ಇಂಗ್ಲಿಷ್ ಆರಾಧನೆ ಮೊದಮೊದಲು ಒಣ ಅನ್ನಿಸಿದರೂ ಸರಿ. ಯೂನಿವರ್ಸಿಟಿಯಲ್ಲಿ ಚಾಪ್ಲೇನ್ ಅಂತ ವಿದ್ಯಾರ್ಥಿಗಳ ಕಷ್ಟ ಕೇಳುವ ಧರ್ಮಗುರು ಇರುತ್ತಾರೆ, ದುಡ್ಡು ಕೊಡಬೇಕಾಗಿಲ್ಲ, ಯಾವ ಸಭೆಯವಳು ಅಂತಲೂ ನೋಡುವುದಿಲ್ಲ, ಹೋಗಿ ಮಾತಾಡು. ನಿನ್ನ ಟ್ಯೂಟರಿಗೆ ಅಪ್ಪ ಹೋದರು ಅಂತ ಇವತ್ತೇ ಮೇಲ್ ಹಾಕು, ಅಸೈನ್‌ಮೆಂಟಿಗೆ ಹೆಚ್ಚು ಸಮಯ ಕೇಳು. ನಿದ್ದೆ, ಊಟ ಪೂರ್ತಿ ಕೆಟ್ಟಿದ್ದರೆ ಜಿಪಿ, ಅಂದರೆ ಇಲ್ಲಿನ ಸಾಮಾನ್ಯ ಡಾಕ್ಟರ ಹತ್ತಿರ ಹೋಗು. ಡಾಕ್ಟರ ಹತ್ತಿರ ಹೋದರೆ ದೇವರನ್ನು ನಂಬಲಿಲ್ಲ ಅಂತ ಅರ್ಥ ಅಲ್ಲ, ದಯವಿಟ್ಟು ಇದನ್ನು ತಲೆಯಲ್ಲಿ ಇಟ್ಟುಕೋ. ರಾತ್ರಿ ತುಂಬಾ ಜಾಸ್ತಿ ಆಯಿತು ಅನ್ನಿಸಿದರೆ 116 123ಕ್ಕೆ ಫೋನ್ ಮಾಡು. ಅದು ಸಂಕಟದಲ್ಲಿರುವವರ ಮಾತು ಕೇಳುವ ಸಮಾರಿಟನ್ಸ್ ಸಂಸ್ಥೆಯ ನಂಬರು, ಹಗಲೂ ರಾತ್ರಿಯೂ ಯಾರಾದರೂ ಎತ್ತುತ್ತಾರೆ.

ನೀನಿರುವ ಊರಿನ ಕ್ಯಾಥೆಡ್ರಲ್ ನೋಡಿದ್ದೀಯಾ? 1940ರ ನವೆಂಬರ್ 14ರ ರಾತ್ರಿ ಬಾಂಬು ಬಿದ್ದು ಸುಟ್ಟುಹೋಯಿತು. ಸುಟ್ಟ ಎರಡು ತೊಲೆಗಳು ಶಿಲುಬೆಯ ಹಾಗೆ ಬಿದ್ದಿದ್ದನ್ನು ನೋಡಿ ಒಬ್ಬ ಕಲ್ಲುಕೆಲಸದವರು ಅವನ್ನು ಕಟ್ಟಿ ನಿಲ್ಲಿಸಿದರು. ಹೊಸ ಕ್ಯಾಥೆಡ್ರಲ್ 1962ರಲ್ಲಿ ಪ್ರತಿಷ್ಠೆ ಆಯಿತು, ಆದರೆ ಹಳೆಯದನ್ನು ಕೆಡವಲೂ ಇಲ್ಲ, ಮುಚ್ಚಲೂ ಇಲ್ಲ, ಸೂರಿಲ್ಲದ ಗೋಡೆಗಳನ್ನು ಹಾಗೇ ಬಿಟ್ಟು ಪಕ್ಕದಲ್ಲೇ ಕಟ್ಟಿದರು. ಶುಕ್ರವಾರ ಮಧ್ಯಾಹ್ನ 12ಕ್ಕೆ ಆ ಪಾಳು ಗೋಡೆಗಳ ನಡುವೆಯೇ ನಿಂತು ಪ್ರಾರ್ಥನೆ ಮಾಡುತ್ತಾರೆ. ನನಗೆ ಇಡೀ ಇಂಗ್ಲೆಂಡಿನಲ್ಲಿ ತುಂಬಾ ಇಷ್ಟವಾದ ಜಾಗ ಅದು.

ನಾನು ಬರ್ಮಿಂಗ್‌ಹ್ಯಾಮಿನಲ್ಲಿದ್ದೇನೆ, ರೈಲಿನಲ್ಲಿ ಹತ್ತಿರವೇ. ಈ ಶುಕ್ರವಾರ ನಿನಗೆ ಕ್ಲಾಸ್ ಇಲ್ಲದಿದ್ದರೆ ಹೇಳು, ಹನ್ನೊಂದೂವರೆಗೆ ನಿಮ್ಮ ಸ್ಟೇಷನ್ನಿಗೆ ಬರುತ್ತೇನೆ, ಇಬ್ಬರೂ ಹೋಗೋಣ. ಅಪ್ಪನ ಫೋಟೋ ಇದ್ದರೆ ತೆಗೆದುಕೊಂಡು ಬಾ, ಅವರ ಬಗ್ಗೆ ಕೇಳಬೇಕು. ರಾತ್ರಿಗೆ ನಮ್ಮ ಮನೆಗೇ ಬಾ, ಅನ್ನ ಸಾರು ಮಾಡಿರುತ್ತೇನೆ.