ಸಾಂಗ್ ಕಾಲದ ಕಪ್ಪು ಚಹಾ ಬಟ್ಟಲುಗಳ ಒಳಗೆ ಎಲೆಯ ಚಿತ್ರ ಹೇಗೆ ಮೂಡಿಸುತ್ತಿದ್ದರು?

ಅದು ಕೈಯಲ್ಲಿ ಬಿಡಿಸಿದ ಚಿತ್ರವಲ್ಲ, ನಿಜವಾದ ಎಲೆ ಬಿಟ್ಟುಹೋದ ಗುರುತು. ಚೀನಾದ ಜಿಯಾಂಗ್‌ಶಿ ಪ್ರಾಂತ್ಯದ ಜಿಝೌ ಕುಂಬಾರರು ಸಾಂಗ್ ರಾಜವಂಶದ ಕಾಲದಲ್ಲಿ (960–1279) ಈ ಕೆಲಸದಲ್ಲಿ ಪಳಗಿದ್ದರು.

ಸ್ಟೋನ್‌ವೇರ್ (ಹೆಚ್ಚು ಶಾಖದಲ್ಲಿ ಸುಟ್ಟ ಗಟ್ಟಿ ಮಣ್ಣಿನ) ಬಟ್ಟಲಿಗೆ ಮೊದಲು ಕಬ್ಬಿಣದ ಅಂಶ ಜಾಸ್ತಿ ಇರುವ ಗ್ಲೇಜ್, ಅಂದರೆ ಸುಟ್ಟಾಗ ಗಾಜಿನಂತಾಗುವ ಲೇಪ, ಕೊಡುತ್ತಿದ್ದರು. ಸುಟ್ಟಾಗ ಕಪ್ಪು ಅಥವಾ ಕಡು ಕಂದು ಬಣ್ಣ ಬರುವುದು ಈ ಕಬ್ಬಿಣದಿಂದಲೇ. ಅದರ ಮೇಲೆ ಹದ ಮಾಡಿದ ಎಲೆಯೊಂದನ್ನು ಇಟ್ಟು ಆವಿಗೆಯಲ್ಲಿ ಸುಡುತ್ತಿದ್ದರು. ಎಲೆ ಉರಿದು ಬೂದಿಯಾಗುತ್ತದೆ. ಬೂದಿಯಲ್ಲಿರುವ ಪೊಟ್ಯಾಸಿಯಂ, ಕ್ಯಾಲ್ಸಿಯಂನಂಥ ಅಂಶಗಳು ಕರಗಿದ ಗ್ಲೇಜ್ ಜೊತೆ ಬೆರೆಯುತ್ತವೆ. ಅಷ್ಟು ಜಾಗ ಮಾತ್ರ ತಿಳಿ ಹಳದಿಗೆ ತಿರುಗುತ್ತದೆ. ಚೆನ್ನಾಗಿ ಬಂದ ಬಟ್ಟಲಲ್ಲಿ ಎಲೆಯ ಸಣ್ಣ ಸಣ್ಣ ನರಗಳೂ ಕಾಣುತ್ತವೆ. ಸುಮ್ನೆ ಯಾವುದೋ ಎಲೆ ಇಟ್ಟರೆ ಇದು ಆಗುವುದಿಲ್ಲ. ಹಿಪ್ಪುನೇರಳೆ ಎಲೆ ಬಳಸಿರಬೇಕು ಎಂದು ಹಲವರ ಅಭಿಪ್ರಾಯ.

ನನಗೆ ಇದಕ್ಕಿಂತಲೂ ಇಷ್ಟ ಅವರ ಕಾಗದದ ಕೆಲಸ. ಹೂವು, ಹಕ್ಕಿ, ಶುಭ ಹಾರೈಕೆಯ ಅಕ್ಷರಗಳನ್ನು ಕಾಗದದಲ್ಲಿ ಕತ್ತರಿಸಿ ಕಪ್ಪು ಗ್ಲೇಜ್ ಮೇಲೆ ಅಂಟಿಸುತ್ತಿದ್ದರು. ಅದರ ಮೇಲೆ ಬೂದಿ ಬೆರೆಸಿದ ತಿಳಿ ಗ್ಲೇಜ್ ಚಿಮುಕಿಸಿ, ಆಮೇಲೆ ಕಾಗದ ಎತ್ತಿಬಿಡುತ್ತಿದ್ದರು. ಸುಟ್ಟ ಮೇಲೆ ಹಳದಿ ಮಚ್ಚೆಗಳ ನಡುವೆ ಕಪ್ಪು ಆಕಾರ ಉಳಿಯುತ್ತದೆ. ಎಷ್ಟು ಸರಳ ಉಪಾಯ, ಅಲ್ವಾ?

ಇನ್ನು ಬಟ್ಟಲು ಕಪ್ಪಗೇ ಯಾಕೆ ಅಂದರೆ, ಆಗ ಚಹಾ ಪುಡಿಯನ್ನು ಬಿಸಿನೀರಲ್ಲಿ ಕಡೆದು ಬಿಳಿ ನೊರೆ ಬರಿಸಿ ಕುಡಿಯುತ್ತಿದ್ದರು. ಕಪ್ಪು ಬಣ್ಣದ ಮೇಲೆ ಆ ನೊರೆ ಎದ್ದು ಕಾಣುತ್ತಿತ್ತು.